ಇಲ್ಲಿ ರೀಟೇಕ್ ಇಲ್ಲ: ಸೆಲೆಬ್ರಿಟಿ ಅಡುಗೆ ಸ್ಪರ್ಧೆಯ ಸೆಟ್‌ನಲ್ಲಿ ನಾನು ಕಂಡಿದ್ದು

"ಅವರು ನಿಜವಾಗ್ಲೂ ಅಡುಗೆ ಮಾಡ್ತಾರಾ? ಇಲ್ಲ ಹಿಂದೆ ಯಾರಾದ್ರೂ ಮಾಡಿಕೊಡ್ತಾರಾ?"

ಟಿವಿಯ ಸೆಲೆಬ್ರಿಟಿ ಅಡುಗೆ ಸ್ಪರ್ಧೆಯೊಂದರ ಫುಡ್ ಟೀಮ್‌ನಲ್ಲಿ ಕೆಲಸ ಮಾಡಿದೆ ಅಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು: "ಗೆಲ್ಲೋದು ಯಾರು ಅಂತ ಮೊದಲೇ ಗೊತ್ತಿರುತ್ತೆ ಅಲ್ವಾ?" ಅವರು ಅಡುಗೆ ಮಾಡುತ್ತಾರೆ. ಗೆಲ್ಲೋದು ಯಾರು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಇಷ್ಟೇ ಹೇಳಿದರೆ ಯಾರೂ ನಂಬುವುದಿಲ್ಲ. ಹಾಗಾಗಿ ಏನು ನಿಜ, ಏನು ಹೊಂದಿಸಿದ್ದು ಎಂದು ಎರಡನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಈ ಬಗೆಯ ಕಾರ್ಯಕ್ರಮ ಹೊಸದಲ್ಲ. ಬಿಬಿಸಿ 1990ರಲ್ಲಿ 'ಮಾಸ್ಟರ್‌ಶೆಫ್' ಶುರು ಮಾಡಿದಾಗ ಅಲ್ಲಿ ಒಲೆ ಮುಂದೆ ನಿಂತವರು ಸಾಮಾನ್ಯ ಜನ. 2006ರಲ್ಲಿ ಅದರದ್ದೇ ಸೆಲೆಬ್ರಿಟಿ ಆವೃತ್ತಿ ಬಂತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ, ಭಾಷೆಗಳಲ್ಲಿ ಇಂಥವು ಬಂದಿವೆ. ನಿಯಮಗಳು ಎಲ್ಲ ಕಡೆ ಒಂದೇ ತರ ಇರುವುದಿಲ್ಲ. ನಾನು ಹೇಳುತ್ತಿರುವುದು ನಾನು ನಿಂತು ನೋಡಿದ ಸೆಟ್‌ನ ವಿಷಯ ಮಾತ್ರ.

ನಮ್ಮ ಕೆಲಸ ಶುರುವಾಗುವುದು ಒಂದು ಫಾರ್ಮ್‌ನಿಂದ. ಯಾವುದಕ್ಕೆ ಅಲರ್ಜಿ, ಯಾವುದನ್ನು ತಿನ್ನುವುದಿಲ್ಲ, ಯಾವುದನ್ನು ಮುಟ್ಟುವುದೂ ಇಲ್ಲ, ಹಿಂದೆ ಯಾವತ್ತಾದರೂ ಒಲೆ ಹಚ್ಚಿದ್ದೀರಾ. ಅಲರ್ಜಿಯ ಸಾಲನ್ನು ನಾವು ಮೂರು ಜನ ಬೇರೆಬೇರೆಯಾಗಿ ಓದುತ್ತಿದ್ದೆವು. ಒಬ್ಬ ಗಾಯಕಿಗೆ ಕಡಲೆಕಾಯಿ ಆಗುತ್ತಿರಲಿಲ್ಲ. ಅವರೊಬ್ಬರಿಗಾಗಿ ಅಡುಗೆ ಸಾಮಾನು ಇಡುವ ಪ್ಯಾಂಟ್ರಿಯಿಂದಲೇ ಕಡಲೆಕಾಯಿ ತೆಗೆದೆವು. ಅದರ ಎಣ್ಣೆಯನ್ನೂ ತೆಗೆದೆವು. ಸಾಸ್ ಬಾಟಲಿಗಳ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ಕೆಲವನ್ನು ವಾಪಸ್ ಕಳಿಸಿದೆವು. ಟಿವಿ ನೋಡುವವರಿಗೆ ಇದು ಯಾವತ್ತೂ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

"ಅಡುಗೆ ಎಷ್ಟು ಬರುತ್ತೆ?" ಎಂಬ ಪ್ರಶ್ನೆಗೆ ಬರುವ ಉತ್ತರಗಳನ್ನು ಓದುವುದು ನನಗೆ ಇಷ್ಟ. "ಏನೂ ಬರಲ್ಲ" ಎಂದು ಬರೆದವರಲ್ಲಿ ಹೆಚ್ಚಿನವರಿಗೆ ನಿಜಕ್ಕೂ ಏನೂ ಬರುತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಕೆಲಸಕ್ಕೆ ಇಳಿದವರು ಅವರು. ಬೆಳಗಿನ ಜಾವ ಮನೆ ಬಿಟ್ಟು ನಡುರಾತ್ರಿ ವಾಪಸ್ ಬರುವವರು. ಊಟ ಅಂದರೆ ಬೇರೆ ಯಾರೋ ತಟ್ಟೆಯಲ್ಲಿ ತಂದುಕೊಡುವುದು. ಅದನ್ನು ಸೊಕ್ಕು ಅಂತ ಅಂದುಕೊಳ್ಳುವುದು ಸುಲಭ. ಅವರ ಜೊತೆ ಕೂತು ಮಾತಾಡಿದರೆ ಹಾಗೆ ಅನ್ನಿಸುವುದಿಲ್ಲ. ಕಲಿಯಲು ಯಾರೂ ಅವರಿಗೆ ಸಮಯವನ್ನೇ ಕೊಟ್ಟಿರಲಿಲ್ಲ.

ಶೂಟಿಂಗ್‌ಗೆ ಮುಂಚೆ ತರಬೇತಿ ಇರುತ್ತದೆ. ಇದನ್ನು ಮುಚ್ಚಿಡುವಂಥದ್ದೇನೂ ಇಲ್ಲ. ಚಾಕು ಹಿಡಿಯುವುದನ್ನು ಕಲಿಸದೆ ಒಬ್ಬರನ್ನು ಗಡಿಯಾರದ ಮುಂದೆ ನಿಲ್ಲಿಸಿದರೆ ಬೆರಳು ಹೋಗುತ್ತದೆ. ತರಕಾರಿ ಒತ್ತಿ ಹಿಡಿದ ಕೈಯ ಬೆರಳ ತುದಿಗಳನ್ನು ಒಳಕ್ಕೆ ಮಡಚಿಕೊಳ್ಳುವುದು, ಹೆಚ್ಚುವ ಮಣೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸುವುದು, ಹಸಿ ಮಾಂಸದ ಮಣೆಯನ್ನು ಬೇರೆ ಇಡುವುದು, ಎಲ್ಲವನ್ನೂ ಮೊದಲಿನಿಂದ ಹೇಳಿಕೊಟ್ಟೆವು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು ಎಂಬುದನ್ನು ಬಾಯಿಪಾಠ ಆಗುವವರೆಗೆ ಹೇಳಿಸಿದೆವು. ಕೋಳಿ ಬೆಂದಿದೆಯಾ ಇಲ್ಲವಾ ಅಂತ ಕಣ್ಣಂದಾಜಿನಲ್ಲಿ ಹೇಳುವಂತಿಲ್ಲ. ಥರ್ಮಾಮೀಟರ್ ಚುಚ್ಚಿ, ಒಳಗೆ 74 ಡಿಗ್ರಿ ಸೆಲ್ಸಿಯಸ್ ಆಗಿದೆ ಎಂದು ನೋಡಿದ ಮೇಲೆಯೇ ತೀರ್ಪುಗಾರರ ಬಾಯಿಗೆ ಹೋಗಬೇಕು. ಗಾಯವಾದರೆ ಹಚ್ಚುವ ಪಟ್ಟಿ ನೀಲಿ ಬಣ್ಣದ್ದು. ನೀಲಿ ಬಣ್ಣದ ಆಹಾರ ಅಪರೂಪ, ಆದ್ದರಿಂದ ಅದು ಪಾತ್ರೆಗೆ ಬಿದ್ದರೂ ತಕ್ಷಣ ಕಣ್ಣಿಗೆ ಬೀಳುತ್ತದೆ.

ಈ ತರಬೇತಿಯಲ್ಲಿ ನಾನು ಕಂಡ ಒಂದು ಸಂಗತಿ ಈಗಲೂ ನನ್ನನ್ನು ಯೋಚನೆಗೆ ಹಚ್ಚುತ್ತದೆ. ನಟರು ಮೈಯ ಚಲನೆಯನ್ನು ಬಹಳ ಬೇಗ ಹಿಡಿಯುತ್ತಾರೆ. ಶೆಫ್ ಈರುಳ್ಳಿ ಹೆಚ್ಚುವುದನ್ನು ಒಂದು ಸಲ ನೋಡಿದರೆ ಸಾಕು, ಮಣಿಕಟ್ಟು ತಿರುಗುವ ರೀತಿ, ಭುಜ ನಿಲ್ಲುವ ರೀತಿ, ಕಣ್ಣಿನ ನೋಟ ಎಲ್ಲವೂ ಬಂದುಬಿಡುತ್ತದೆ. ದೂರದಿಂದ ನೋಡಿದರೆ ಹತ್ತು ವರ್ಷ ಹೋಟೆಲ್‌ನಲ್ಲಿ ದುಡಿದವರ ಹಾಗೆ. ಹತ್ತಿರ ಹೋಗಿ ಮಣೆ ನೋಡಿದರೆ ಒಂದು ಚೂರು ದಪ್ಪ, ಇನ್ನೊಂದು ತೆಳ್ಳಗೆ. ಬಾಣಲೆಗೆ ಹಾಕಿದಾಗ ತೆಳ್ಳಗಿನದು ಸೀಯುತ್ತದೆ, ದಪ್ಪದ್ದು ಹಸಿಯಾಗೇ ಉಳಿಯುತ್ತದೆ. ಹೆಚ್ಚುವವನ ಪಾತ್ರ ಮಾಡುವುದಕ್ಕೂ ಹೆಚ್ಚುವುದಕ್ಕೂ ಇರುವ ದೂರ ಅಲ್ಲಿ ಗೊತ್ತಾಗುತ್ತಿತ್ತು. ಅವರಿಗೂ ಗೊತ್ತಾಗುತ್ತಿತ್ತು. ಅದನ್ನು ಮೊದಲು ಒಪ್ಪಿಕೊಂಡವರೇ ಸ್ಪರ್ಧೆಯಲ್ಲಿ ಮುಂದೆ ಹೋದರು.

ಇನ್ನು ರೆಸಿಪಿ ವಿಷಯ. 'ನಿಮ್ಮದೇ ಅಡುಗೆ' ಸುತ್ತುಗಳಲ್ಲಿ ಅವರು ಮೊದಲೇ ರೆಸಿಪಿ ಬರೆದು ಕೊಡಬೇಕು. ಸಾಮಾನು ತರಿಸಬೇಕಲ್ಲ. ಕೊಟ್ಟ ರೆಸಿಪಿಯನ್ನು ನಾವು ಟೆಸ್ಟ್ ಕಿಚನ್‌ನಲ್ಲಿ ಮಾಡಿ ನೋಡುತ್ತೇವೆ. ಗೊತ್ತಿರುವ ಕೈಯಲ್ಲಿ ನಲವತ್ತು ನಿಮಿಷ ಬೇಕಾಗುವ ಅಡುಗೆಯನ್ನು ಅರವತ್ತು ನಿಮಿಷದ ಸುತ್ತಿಗೆ ಕೊಡುವುದು ಸರಿ. ಐವತ್ತೈದು ಬೇಕಾದರೆ ಕಷ್ಟ. ಯಾಕೆಂದರೆ ಅವರು ಅಡುಗೆ ಮಾಡುತ್ತಲೇ ತೀರ್ಪುಗಾರರ ಜೊತೆ ಮಾತಾಡಬೇಕು, ನಿರೂಪಕರ ಪ್ರಶ್ನೆಗೆ ಉತ್ತರ ಕೊಡಬೇಕು, ಪ್ಯಾಂಟ್ರಿಗೆ ಓಡಿ ಬರಬೇಕು. ಸಮಯಕ್ಕೆ ಆಗುವುದಿಲ್ಲ ಅನ್ನಿಸಿದರೆ ನಾವು ಅಷ್ಟು ಮಾತ್ರ ಹೇಳಬಹುದು. ಬೇರೆ ಅಡುಗೆ ಸೂಚಿಸುವಂತಿಲ್ಲ. ಅಚ್ಚರಿಯ ಸಾಮಾನು ಕೊಡುವ ಸುತ್ತುಗಳಲ್ಲಿ ಇದ್ಯಾವುದೂ ಇಲ್ಲ. ಬುಟ್ಟಿಯ ಮುಚ್ಚಳ ತೆಗೆದಾಗಲೇ ಅವರಿಗೆ ಗೊತ್ತಾಗುವುದು. ಬುಟ್ಟಿ ತುಂಬಿದವಳು ನಾನೇ ಆದ್ದರಿಂದ ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಶೂಟಿಂಗ್ ದಿನ ನಾವು ಎಲ್ಲರಿಗಿಂತ ಮೊದಲು ಬರುತ್ತೇವೆ. ಸ್ಪರ್ಧಿಗಳು ಅಡುಗೆ ಮಾಡುವ ಪ್ರತಿ ಬೆಂಚಿನಲ್ಲಿ ಒಲೆ ಉರಿಯುತ್ತಿದೆಯಾ, ಓವನ್ ತೋರಿಸುವ ಬಿಸಿ ನಿಜವಾದ ಬಿಸಿಯಾ, ಚಾಕು ಎಷ್ಟು, ಸೌಟು ಎಷ್ಟು, ತಕ್ಕಡಿ ಸರಿ ಇದೆಯಾ. ಒಬ್ಬರ ಓವನ್ ಹತ್ತು ಡಿಗ್ರಿ ಕಡಿಮೆ ಕಾದರೂ ಸ್ಪರ್ಧೆ ನ್ಯಾಯವಾಗಿ ಉಳಿಯುವುದಿಲ್ಲ. ಆಮೇಲೆ ಪ್ಯಾಂಟ್ರಿ. ಬಾಟಲಿಗಳ ಮೇಲಿನ ಕಂಪನಿ ಹೆಸರಿಗೆ ಸ್ಟಿಕರ್ ಅಂಟಿಸುವುದೂ ನಮ್ಮ ಕೆಲಸವೇ. ಲೈಟ್‌ಗಳು ಹೊತ್ತಿಕೊಂಡ ಮೇಲೆ ಸೆಟ್ ಬಿಸಿಯಾಗುತ್ತದೆ. ಚಾಕೊಲೇಟ್ ಕೆಲಸ ಇರುವ ದಿನ ಇದು ದೊಡ್ಡ ಸಮಸ್ಯೆ. ಡಾರ್ಕ್ ಚಾಕೊಲೇಟ್ ಹದಕ್ಕೆ ಬರಬೇಕಾದರೆ ಕೊನೆಯಲ್ಲಿ 31-32 ಡಿಗ್ರಿಯಲ್ಲಿ ಇರಬೇಕು. ಅಕ್ಕಪಕ್ಕದ ಗಾಳಿಯೇ ಅದರ ಹತ್ತಿರ ಬಿಸಿಯಾದರೆ ಅದು ಗಟ್ಟಿಯಾಗುವುದೇ ಇಲ್ಲ. ಅಂಥ ದಿನ ಎಸಿ ಜಾಸ್ತಿ ಮಾಡಿಸಲು ನಾನು ಲೈಟಿಂಗ್‌ನವರ ಜೊತೆಗೂ ಸೌಂಡ್‌ನವರ ಜೊತೆಗೂ ಜಗಳ ಆಡಿದ್ದೇನೆ. ಎಸಿಯ ಸದ್ದು ಮೈಕ್‌ಗೆ ಬೀಳುತ್ತದೆ ಎಂಬುದು ಸೌಂಡ್‌ನವರ ತಕರಾರು. ಅವರ ಮಾತೂ ಸರಿಯೇ.

ಹೊಂದಿಸಿದ್ದು ಏನು ಎಂದು ಕೇಳಿದರೆ ಪಟ್ಟಿ ಇದೆ. ಸ್ಪರ್ಧಿಗಳು ಒಟ್ಟಿಗೆ ನಡೆದು ಬರುವ ದೃಶ್ಯ ಎರಡು ಮೂರು ಸಲ ತೆಗೆದದ್ದು. ಬುಟ್ಟಿಯ ಮುಚ್ಚಳವನ್ನೂ ಎರಡನೆಯ ಸಲ ತೆಗೆಸುತ್ತಾರೆ, ಕ್ಯಾಮೆರಾ ಹತ್ತಿರದಿಂದ ಹಿಡಿಯಲಿ ಎಂದು. ನಡುನಡುವೆ ಒಬ್ಬೊಬ್ಬರೇ ಕೂತು "ನಾನೀಗ ಮೀನು ಬೇಯಿಸ್ತಾ ಇದ್ದೀನಿ, ತುಂಬಾ ಭಯ ಆಗ್ತಿದೆ" ಅನ್ನುತ್ತಾರಲ್ಲ, ಅದನ್ನು ತೆಗೆಯುವುದು ಎಲ್ಲ ಮುಗಿದ ಮೇಲೆ. ಆಗಲೇ ನಡೆಯುತ್ತಿದೆ ಎಂಬಂತೆ ಹೇಳಲು ಅವರಿಗೆ ಮೊದಲೇ ತಿಳಿಸಿರುತ್ತಾರೆ. ಹೊರಹೋಗುವವರ ಹೆಸರು ಹೇಳುವ ಮುಂಚಿನ ಮೌನ ಸೆಟ್‌ನಲ್ಲಿ ಟಿವಿಗಿಂತ ಉದ್ದ. ಅಲ್ಲಿ ನಿಂತವರ ಕಾಲು ನಡುಗುವುದನ್ನು ನೋಡಿ ನನಗೆ ಸಂಕಟ ಆಗುತ್ತಿತ್ತು.

ಆದರೆ ಗಡಿಯಾರ ನಿಜ. ನಮ್ಮ ಸೆಟ್‌ನಲ್ಲಿ ಅದನ್ನು ಒಮ್ಮೆ ಶುರು ಮಾಡಿದ ಮೇಲೆ ನಿಲ್ಲಿಸುತ್ತಿರಲಿಲ್ಲ. ಯಾರಿಗಾದರೂ ಅಪಾಯವಾದರೆ ಮಾತ್ರ ನಿಲ್ಲಿಸಬಹುದಿತ್ತು.

ಹೀಗೇ ಒಂದು ಸಿಹಿ ಅಡುಗೆಯ ಸುತ್ತು. ಹಿರಿಯ ನಟರೊಬ್ಬರು ಕಸ್ಟರ್ಡ್ ಮಾಡಿ ಅದರ ಮೇಲೆ ಕ್ಯಾರಮೆಲ್ ಸಾಸ್ ಹಾಕುವವರಿದ್ದರು. ಕಸ್ಟರ್ಡ್ ಚೆನ್ನಾಗಿ ಬಂದಿತ್ತು. ಸಕ್ಕರೆ ಪಾಕ ಮಾಡುವಾಗ ಚಮಚ ಹಾಕಿ ತಿರುವುತ್ತಾ ಇದ್ದರು. ತಿರುವಿದರೆ ಪಾಕ ಪಾತ್ರೆಯ ಬದಿಗೆ ಸಿಡಿದು ಹರಳಾಗುತ್ತದೆ. ಆ ಹರಳು ಮತ್ತೆ ಒಳಗೆ ಬಿದ್ದರೆ ಇಡೀ ಪಾಕ ನೋಡುತ್ತಿದ್ದಂತೆ ಹರಳುಗಟ್ಟುತ್ತದೆ. ನಾನು ಪ್ಯಾಂಟ್ರಿಯ ಬದಿಯಲ್ಲಿ ನಿಂತು ಅದನ್ನು ನೋಡುತ್ತಿದ್ದೆ. ಬಾಯಿ ಬಿಡುವಂತಿಲ್ಲ. ಅಪಾಯ ಬಿಟ್ಟು ಬೇರೆ ಯಾವುದಕ್ಕೂ ಫುಡ್ ಟೀಮ್ ಸ್ಪರ್ಧಿಗೆ ಒಂದು ಮಾತೂ ಹೇಳಬಾರದು. ನಿಯಮ ಸರಿಯಾದದ್ದೇ. ಆದರೂ ಆ ಹೊತ್ತಿನಲ್ಲಿ ಸುಮ್ನೆ ನಿಲ್ಲುವುದು ಬಹಳ ಕಷ್ಟ.

ಪಾತ್ರೆಯಲ್ಲಿ ಬೆಳ್ಳಗಿನ ಮುದ್ದೆಯಾಯಿತು. ಅವರು ಸೌಟು ಕೆಳಗಿಟ್ಟು, ಕ್ಯಾಮೆರಾ ಹಿಂದಿದ್ದ ನಿರ್ದೇಶಕರ ಕಡೆ ತಿರುಗಿ, ಬಹಳ ಸಹಜವಾಗಿ, "ಕಟ್ ಮಾಡಿ, ಇನ್ನೊಂದ್ಸಲ ಹೋಗೋಣ" ಅಂದರು. ದಶಕಗಳ ಅಭ್ಯಾಸ ಅದು. ಯಾರೂ ಕಟ್ ಹೇಳಲಿಲ್ಲ. ಫ್ಲೋರ್ ಮ್ಯಾನೇಜರ್ ಮೆಲ್ಲಗೆ, "ಸಾರ್, ಹನ್ನೆರಡು ನಿಮಿಷ ಇದೆ" ಅಂದರು.

ಅವರ ಮುಖದಲ್ಲಿ ಆಗ ಆದ ಬದಲಾವಣೆಯನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ. ಅದು ಅಭಿನಯ ಆಗಿರಲಿಲ್ಲ. ಸ್ವಲ್ಪ ಹೊತ್ತು ಪಾತ್ರೆಯನ್ನೇ ನೋಡಿದರು. ಆಮೇಲೆ ಅದನ್ನು ಬದಿಗಿಟ್ಟು ಹೊಸ ಪಾತ್ರೆ ತೆಗೆದುಕೊಂಡರು. ಸಕ್ಕರೆ, ಸ್ವಲ್ಪ ನೀರು. ಈ ಸಲ ಚಮಚ ಹಾಕಲಿಲ್ಲ. ತರಬೇತಿಯಲ್ಲಿ ಹೇಳಿಕೊಟ್ಟಿದ್ದೆವು, ಪಾತ್ರೆಯನ್ನೇ ಹಿಡಿದು ಮೆಲ್ಲಗೆ ಅಲ್ಲಾಡಿಸಿ ಎಂದು. ಅದು ಅವರಿಗೆ ಆಗ ನೆನಪಾಯಿತು. ಸಕ್ಕರೆ ಬಣ್ಣ ತಿರುಗಲು ಸುಮಾರು 160 ಡಿಗ್ರಿ ದಾಟಬೇಕು. ಅಲ್ಲಿಯವರೆಗೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಒಮ್ಮೆ ಬಣ್ಣ ಬರಲು ಶುರುವಾದರೆ ಸೀಯಲು ಒಂದು ನಿಮಿಷವೂ ಬೇಡ. ಆ ಕಾಯುವಿಕೆಯನ್ನು ಅವರು ಕಾದರು. ಆ ಬೆಂಚಿನ ಹತ್ತಿರ ನಿರೂಪಕರು ಹೋದಾಗ ಕೈ ಎತ್ತಿ ತಡೆದರು, ಕಣ್ಣು ಪಾತ್ರೆಯಿಂದ ತೆಗೆಯಲಿಲ್ಲ. ಬಣ್ಣ ಬಂದ ಕೂಡಲೇ ಒಲೆ ಆರಿಸಿ ಬೆಚ್ಚಗಿನ ಕೆನೆ ಸುರಿದರು. ಸಾಸ್ ಸ್ವಲ್ಪ ತೆಳ್ಳಗಾಗಿತ್ತು. ಆದರೆ ಕಹಿ ಇರಲಿಲ್ಲ, ಹರಳೂ ಇರಲಿಲ್ಲ. ನಾನು ಆಮೇಲೆ ರುಚಿ ನೋಡಿದ್ದೇನೆ.

ಆ ಸುತ್ತಿನ ನಂತರ ಅವರು ತಮ್ಮ ಸಹಾಯಕರನ್ನು ಬಿಟ್ಟು ಒಬ್ಬರೇ ಟೆಸ್ಟ್ ಕಿಚನ್‌ಗೆ ಬರತೊಡಗಿದರು. "ಅಮ್ಮಾ, ಸ್ವಲ್ಪ ಜಾಗ ಕೊಡ್ತೀರಾ" ಅಂತ ಕೇಳಿ ಒಂದು ಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ಚೂರುಗಳು ಸಮ ಆಗುತ್ತಾ ಬಂದವು.

ಆಟಗಾರರ ರೀತಿಯೇ ಬೇರೆ. ನಮ್ಮಲ್ಲಿ ಒಬ್ಬ ಓಟಗಾರ್ತಿ ಇದ್ದರು. ಮೊದಲ ದಿನ ಅವರ ಕೈಗೆ ಅಡುಗೆ ಅಷ್ಟೇನೂ ಒಗ್ಗಿರಲಿಲ್ಲ. ಆದರೆ ಪ್ರತಿ ಸುತ್ತಿಗೂ ಒಂದು ಚೀಟಿ ಬರೆದು ತರುತ್ತಿದ್ದರು. ಯಾವ ನಿಮಿಷಕ್ಕೆ ನೀರು ಕುದಿಯಬೇಕು, ಯಾವ ನಿಮಿಷಕ್ಕೆ ಓವನ್ ಬಾಗಿಲು ತೆಗೆಯಬೇಕು, ಕೊನೆಯ ಐದು ನಿಮಿಷ ತಟ್ಟೆಗೆ ಮಾತ್ರ. ಒಂದು ಕಡೆ ಎಡವಟ್ಟಾದರೆ ಅದರ ಬಗ್ಗೆ ಕೊರಗುತ್ತಾ ನಿಲ್ಲುತ್ತಿರಲಿಲ್ಲ. ಬಿಟ್ಟು ಮುಂದಿನದಕ್ಕೆ ಕೈ ಹಾಕುತ್ತಿದ್ದರು. ತೀರ್ಪುಗಾರರು ಕಟುವಾಗಿ ಮಾತಾಡಿದರೂ ತರಬೇತುದಾರರ ಮಾತು ಕೇಳಿ ಅಭ್ಯಾಸವಿರುವ ಅವರಿಗೆ ಅದು ಅವಮಾನ ಅನ್ನಿಸುತ್ತಿರಲಿಲ್ಲ. ಅದನ್ನೂ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು.

ಇದು ನಮ್ಮ ಸೆಟ್‌ನ ಕಥೆ ಮಾತ್ರ ಅಲ್ಲ ಅನ್ನಿಸುತ್ತದೆ. ಬ್ರಿಟನ್‌ನ 'ಸೆಲೆಬ್ರಿಟಿ ಮಾಸ್ಟರ್‌ಶೆಫ್' 2006ರಲ್ಲಿ ಶುರುವಾದಾಗ ಮೊದಲು ಗೆದ್ದವರು ರಗ್ಬಿ ಆಟಗಾರ ಮ್ಯಾಟ್ ಡಾಸನ್. 2011ರಲ್ಲಿ ಗೆದ್ದ ಫಿಲ್ ವಿಕರಿ ಕೂಡ ರಗ್ಬಿಯವರೇ. 2019ರಲ್ಲಿ ಗೆದ್ದ ಗ್ರೆಗ್ ರುದರ್‌ಫರ್ಡ್ 2012ರ ಲಂಡನ್ ಒಲಿಂಪಿಕ್ಸ್‌ನ ಉದ್ದ ಜಿಗಿತದಲ್ಲಿ ಚಿನ್ನ ಗೆದ್ದವರು. 2021ರಲ್ಲಿ ಪ್ಯಾರಾಲಿಂಪಿಕ್ ಆಟಗಾರ್ತಿ ಕಡೀನಾ ಕಾಕ್ಸ್ ಗೆದ್ದರು. ಆಸ್ಟ್ರೇಲಿಯಾದಲ್ಲಿ 2009ರ ಸೆಲೆಬ್ರಿಟಿ ಸ್ಪರ್ಧೆ ಈಜುಗಾರ ಈಮನ್ ಸಲಿವನ್ ಪಾಲಾಯಿತು. ನಟರು ಗೆಲ್ಲುವುದೇ ಇಲ್ಲ ಅಂತಲ್ಲ. ಬ್ರಿಟನ್‌ನಲ್ಲಿ 2010ರಲ್ಲಿ ಗೆದ್ದ ನಟಿ ಲೀಸಾ ಫಾಕ್ನರ್ ಆಮೇಲೆ ಅಡುಗೆ ಪುಸ್ತಕಗಳನ್ನೇ ಬರೆದರು. ಆದರೂ ಆಟಗಾರರ ಹೆಸರು ಇಷ್ಟೊಂದು ಬರುವುದನ್ನು ನೋಡಿದಾಗ ನನಗೆ ನಮ್ಮ ಓಟಗಾರ್ತಿಯ ಚೀಟಿಗಳೇ ನೆನಪಾಗುತ್ತವೆ. ಗಡಿಯಾರದ ಜೊತೆ ಬದುಕಿದವರು ಅವರು.

ಈಗ ರುಚಿ ನೋಡುವ ವಿಷಯ. "ಅಷ್ಟು ಹೊತ್ತಿಗೆ ಊಟ ತಣ್ಣಗಾಗಿರಲ್ವಾ?" ಎಂದು ಹಲವರು ಕೇಳುತ್ತಾರೆ. ಹೌದು, ಆಗಿರುತ್ತದೆ. ಸಮಯ ಮುಗಿದು ಎಲ್ಲರೂ ಕೈ ಮೇಲೆತ್ತಿದ ಮೇಲೆ ಪ್ರತಿ ತಟ್ಟೆಯ ಚಿತ್ರ ತೆಗೆಯಬೇಕು, ಬೆಂಚು ಒರೆಸಬೇಕು, ಲೈಟ್ ಬದಲಿಸಬೇಕು. ಕೊನೆಯ ತಟ್ಟೆ ತೀರ್ಪುಗಾರರ ಮುಂದೆ ಹೋಗುವ ಹೊತ್ತಿಗೆ ಬಿಸಿ ಎಲ್ಲಿ ಉಳಿಯುತ್ತದೆ? ಅದಕ್ಕೇ ಅವರು ಅಡುಗೆ ನಡೆಯುವಾಗಲೇ ಪ್ರತಿ ಬೆಂಚಿಗೂ ಹೋಗಿ ಪಾತ್ರೆಯಿಂದಲೇ ರುಚಿ ನೋಡುತ್ತಾರೆ. ಅದೆಲ್ಲ ಟಿವಿಯಲ್ಲಿ ಬರುವುದಿಲ್ಲ. ತಣ್ಣಗಾಗಿದೆ ಎಂದು ಯಾರ ಅಂಕವನ್ನೂ ಕಳೆಯುತ್ತಿರಲಿಲ್ಲ. ಉಪ್ಪು, ಹುಳಿ, ಬೆಂದಿದೆಯಾ, ಹದ ಸರಿ ಇದೆಯಾ, ಇಷ್ಟರ ಮೇಲೆ ಮಾತು.

ತೀರ್ಪುಗಾರರು ಚರ್ಚೆ ಮಾಡುವಾಗ ನಮ್ಮಲ್ಲಿ ಒಬ್ಬರು ಅಲ್ಲಿರಬೇಕಿತ್ತು. ಯಾವ ತಟ್ಟೆಯಲ್ಲಿ ಏನು ಹಾಕಿದ್ದಾರೆ ಎಂದು ಕೇಳಿದರೆ ಹೇಳಲು. ನಾನಿದ್ದ ಚರ್ಚೆಗಳಲ್ಲಿ ಚಾನೆಲ್ ಕಡೆಯವರು ಯಾರ ಹೆಸರನ್ನೂ ಎತ್ತಿದ್ದು ನಾನು ಕೇಳಿಲ್ಲ. ಪ್ರೇಕ್ಷಕರಿಗೆ ಅನುಮಾನ ಬರುವುದರಲ್ಲಿ ತಪ್ಪಿಲ್ಲ. ಅಮೆರಿಕದಲ್ಲಿ 1950ರ ದಶಕದಲ್ಲಿ ಟಿವಿ ಕ್ವಿಜ್‌ಗಳಲ್ಲಿ ಉತ್ತರ ಮೊದಲೇ ಹೇಳಿಕೊಟ್ಟಿದ್ದು ಬಯಲಾಗಿ ದೊಡ್ಡ ಹಗರಣವಾಗಿತ್ತು. ಅಂಥ ಮೋಸ ಅಪರಾಧ ಎಂದು ಅಲ್ಲಿ 1960ರಲ್ಲಿ ಕಾನೂನನ್ನೇ ತಂದರು. ಹಾಗಾಗಿ ಪ್ರಶ್ನೆ ಕೇಳಬೇಕು. ನಾನು ಕಂಡಲ್ಲಿ, ಒಬ್ಬ ಬಹಳ ಜನಪ್ರಿಯ ಹಾಸ್ಯ ನಟ ಹಸಿ ಕೋಳಿ ಕೊಟ್ಟಿದ್ದಕ್ಕೆ ಎರಡನೇ ವಾರವೇ ಮನೆಗೆ ಹೋದರು. ಅವರು ಹೋದರೆ ನೋಡುವವರು ಕಡಿಮೆಯಾಗುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಹೋದರು.

ನನ್ನ ನಿಜವಾದ ಬೇಸರ ಎಡಿಟಿಂಗ್ ಮೇಲೆ. ಎಷ್ಟೋ ಗಂಟೆಗಳ ಚಿತ್ರೀಕರಣವನ್ನು ಒಂದು ಕಂತಿಗೆ ಇಳಿಸಬೇಕು ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ಕತ್ತರಿ ಮೊದಲು ಬೀಳುವುದು ಅಡುಗೆಯ ಮೇಲೆ. ಆ ಹಿರಿಯರ ಕ್ಯಾರಮೆಲ್ ಕಂತಿನಲ್ಲಿ ಪ್ರಸಾರವಾಗಿದ್ದು ಹರಳುಗಟ್ಟಿದ ಪಾತ್ರೆ, ಒದ್ದೆಯಾದ ಕಣ್ಣು, ಹಿಂದೆ ಪಿಟೀಲು. ಎರಡನೆಯ ಪಾತ್ರೆಯಲ್ಲಿ ಅವರು ಚಮಚ ಹಾಕದೆ ಕಾದದ್ದು ಹೋಗಿಬಿಟ್ಟಿತ್ತು. ತಟ್ಟೆಯಲ್ಲಿ ಸಾಸ್ ಇತ್ತು, ಅದು ಹೇಗೆ ಬಂತು ಎಂಬುದು ಇರಲಿಲ್ಲ. "ಹಿಂದೆ ಯಾರಾದ್ರೂ ಮಾಡಿಕೊಡ್ತಾರಾ" ಎಂದು ಜನ ಕೇಳುವುದು ಇದಕ್ಕೇ ಅಲ್ವಾ? ಮಾಡಿದ್ದನ್ನು ತೋರಿಸದಿದ್ದರೆ ನಂಬುವುದಾದರೂ ಹೇಗೆ? ಹೊಸ ತಟ್ಟೆ, ಹೊಸ ಪಾತ್ರೆ ಪ್ರತಿ ಸುತ್ತಿಗೂ ತೊಳೆದು ಕೊಟ್ಟವರ ಹೆಸರು ಕೂಡ ಕೊನೆಯಲ್ಲಿ ಓಡುವ ಅಕ್ಷರಗಳಲ್ಲಿ ಇರಲಿಲ್ಲ. ಅವರು ಒಂದು ದಿನ ಬರದಿದ್ದರೆ ಶೂಟಿಂಗ್ ನಿಲ್ಲುತ್ತಿತ್ತು.

ಓಟಗಾರ್ತಿಯೇ ಕೊನೆಗೆ ಗೆದ್ದರು. ಹಿರಿಯ ನಟರು ಫೈನಲ್‌ಗಿಂತ ಸ್ವಲ್ಪ ಮುಂಚೆ ಹೊರಬಿದ್ದರು. ಅನ್ನ ಅಡಿ ಹಿಡಿದಿತ್ತು. ತೀರ್ಪು ಸರಿ ಇತ್ತು, ಅವರೂ ಅದನ್ನೇ ಹೇಳಿದರು.

ಮುಂದಿನ ಸೀಸನ್‌ನ ಮೊದಲ ಮೀಟಿಂಗ್‌ನಲ್ಲಿ ನಾನು ಎರಡು ವಿಷಯ ಕೇಳಿದೆ. ಪಾತ್ರೆ ತೊಳೆಯುವವರ ಹೆಸರು ಹಾಕಬೇಕು. ಪ್ರತಿ ಬೆಂಚಿನ ಮೇಲೂ, ಮುಖವನ್ನು ಬಿಟ್ಟು ಬಾಣಲೆಯನ್ನಷ್ಟೇ ನೋಡುವ ಒಂದು ಕ್ಯಾಮೆರಾ ಶುರುವಿನಿಂದ ಕೊನೆಯವರೆಗೆ ಓಡುತ್ತಿರಬೇಕು. ಹೆಸರಿಗೆ ತಕ್ಷಣ ಒಪ್ಪಿದರು. ಕ್ಯಾಮೆರಾ ವಿಷಯದಲ್ಲಿ ಚೌಕಾಸಿ ನಡೆದು ಸದ್ಯಕ್ಕೆ ಎರಡು ಬೆಂಚಿಗೆ ಬಂದು ನಿಂತಿದೆ. ಉಳಿದ ಬೆಂಚುಗಳಿಗಾಗಿ ಮುಂದಿನ ಮೀಟಿಂಗ್‌ನಲ್ಲಿ ಮತ್ತೆ ಕೇಳುತ್ತೇನೆ.